ಮಂಗಳ ಹಾಡುವವರು ಬೇಕಾಗಿದ್ದಾರೆ

ಯಕ್ಷಗಾನ ರಾತ್ರಿಯಿಡೀ ನಡೆದರೂ ಬೆಳಗಾಗುವಾಗ ಭಾಗವತರು ಮಂಗಳ ಹಾಡಿಬಿಡುತ್ತಾರೆ. ಆಮೇಲೆ ಎಂಥ ಆಟದ ಮರುಳನಾದರೂ ಚಾಪೆ ಸುತ್ತಿಕೊಂಡು ಮನೆ ದಾರಿ ಹಿಡಿಯಲೇಬೇಕು. ಪತ್ರಿಕೆ ಓದುವವನು ಕೊನೆಯ ಪುಟದ ಕ್ರಿಕೆಟ್ಟಿಗೆ ಬಂದು ನಿಲ್ಲುತ್ತಿದ್ದ. ಆಕಾಶವಾಣಿಯವರು ರಾತ್ರಿ ಹನ್ನೊಂದರ ಸುಮಾರಿಗೆ ನಮಸ್ಕಾರ ಹೇಳಿ ಬಾಗಿಲು ಹಾಕುತ್ತಿದ್ದರು. ಕಾಂಪೌಂಡಿನ ಮೇಲಿನ ಹರಟೆ ಕೂಡ ಒಲೆಯ ಮೇಲೆ ಹಾಲು ಉಕ್ಕಿದ ಕೂಡಲೇ ಮುಗಿಯುತ್ತಿತ್ತು. ಅಂಗೈಯಗಲದ ಈ ಫೋನಿಗೆ ಮಾತ್ರ ಮಂಗಳವೇ ಇಲ್ಲ.

ಹೀಗಾಗುವುದಕ್ಕೆ ಏಜಾ ರಾಸ್ಕಿನ್ ಎಂಬ ಅಮೆರಿಕದ ವಿನ್ಯಾಸಕಾರನ ಪಾಲೂ ಇದೆ. ಪುಟ ಮುಗಿದಾಗಲೆಲ್ಲ ‘ಮುಂದೆ’ ಎಂದು ಒತ್ತುವ ಶ್ರಮ ಜನರಿಗೇಕೆ ಎಂದುಕೊಂಡು, ಬೆರಳು ಜಾರಿಸಿದಂತೆಲ್ಲ ಹೊಸದು ತಾನಾಗಿ ಬಂದು ಸೇರಿಕೊಳ್ಳುವ ವ್ಯವಸ್ಥೆಯನ್ನು ಆತ 2006ರಲ್ಲಿ ರೂಪಿಸಿದ. ಆಮೇಲೆ ಅದಕ್ಕಾಗಿ ಬಹಿರಂಗವಾಗಿಯೇ ಪರಿತಪಿಸಿದ. ಪಾಪ, ಉದ್ದೇಶ ಒಳ್ಳೆಯದೇ. ನಮ್ಮ ಕಡೆಯ ಮದುವೆ ಮನೆಗಳಲ್ಲೂ ಇಂಥವರಿದ್ದಾರೆ: ಎಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಪಾಯಸ ಇಳಿಸುವವರು.

ರೀಲ್ಸ್ ವಿಷಯ ಹಾಗಿರಲಿ, ಅದನ್ನು ಮನಸ್ಸು ಮಾಡಿದರೆ ಬಿಡಬಹುದು. ಬಿಡಲಾಗದ್ದು ಕುಟುಂಬದ ವಾಟ್ಸಾಪ್ ಗ್ರೂಪು. ಬೆಳಗ್ಗೆ ಐದೂವರೆಗೆ ಗುಲಾಬಿ, ಆರಕ್ಕೆ ಇಬ್ಬನಿ ಬಿದ್ದ ಗುಲಾಬಿ, ಆರೂಕಾಲಿಗೆ ಕಾಫಿ ಲೋಟದ ಪಕ್ಕದಲ್ಲಿ ಗುಲಾಬಿ. ಭಾರತೀಯರ ಫೋನುಗಳು ಜಾಗ ಸಾಲದೆ ಯಾಕೆ ಒದ್ದಾಡುತ್ತಿವೆ ಎಂದು ಗೂಗಲ್‌ನವರು ಹುಡುಕಿದಾಗ ಈ ಶುಭೋದಯಗಳೇ ಸಿಕ್ಕಿದವೆಂದು 2018ರಲ್ಲಿ ಸುದ್ದಿಯಾಗಿತ್ತು. ನಮ್ಮ ದೊಡ್ಡತ್ತೆಗೆ ಇದನ್ನು ಓದಿ ಹೇಳಿದೆ. “ಹೌದಾ! ಗೂಗಲ್‌ನವರೂ ನೋಡ್ತಾರಾ?” ಎಂದು ಮಾರನೆಯ ದಿನದಿಂದ ಇನ್ನೂ ದೊಡ್ಡ ಹೂವು ಕಳಿಸತೊಡಗಿದರು.

ಗ್ರೂಪು ಬಿಡೋಣವೆಂದರೆ ಅದೂ ಸುಲಭವಲ್ಲ. ಮೊದಲೆಲ್ಲ ಒಬ್ಬ ‘ಲೆಫ್ಟ್’ ಆದರೆ ಇಡೀ ಬಳಗಕ್ಕೆ ಡಂಗುರ ಸಾರಿದಂತಾಗುತ್ತಿತ್ತು. 2022ರಿಂದ ಆ ಸುದ್ದಿ ಅಡ್ಮಿನ್‌ಗೆ ಮಾತ್ರ ಹೋಗುತ್ತದೆ. ಕಂಪನಿಯವರು ಇದನ್ನು ದೊಡ್ಡ ಉಪಕಾರವೆಂದುಕೊಂಡಿದ್ದಾರೆ. ನಮ್ಮ ಗ್ರೂಪಿನ ಅಡ್ಮಿನ್ ದೊಡ್ಡತ್ತೆ. ಅವರಿಗೊಬ್ಬರಿಗೆ ತಿಳಿಯುವುದಕ್ಕಿಂತ ಊರಿಗೆಲ್ಲ ತಿಳಿಯುವುದೇ ವಾಸಿ. ಅದಕ್ಕೇ ಮಧ್ಯಮವರ್ಗದ ಸಂಸಾರಗಳೆಲ್ಲ ‘ಮ್ಯೂಟ್’ ಎಂಬ ಗುಂಡಿಯ ಮೇಲೆ ನಿಂತಿವೆ. ಮೊದಲು ಒಂದು ವರ್ಷದ ಮಟ್ಟಿಗಷ್ಟೇ ಇದ್ದ ಮೌನವ್ರತವನ್ನು 2020ರಲ್ಲಿ ಶಾಶ್ವತಗೊಳಿಸಿದವರಿಗೆ ಪುಣ್ಯ ಬರಲಿ.

ಆದರೆ ಮ್ಯೂಟ್ ಮಾಡಿದರೆ ಸದ್ದು ನಿಲ್ಲುತ್ತದೆಯೇ ಹೊರತು ಕೈ ನಿಲ್ಲುವುದಿಲ್ಲ. ಕೈಗೆ ಹೊರಗಿನಿಂದಲೇ ಯಾರಾದರೂ ಮಂಗಳ ಹಾಡಬೇಕು. ಬೆಳಗಾವಿಯ ಆಚೆ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯವರು ಇದನ್ನು ಸರಿಯಾಗಿ ಹಿಡಿದರು. 2022ರಿಂದ ಅಲ್ಲಿ ಸಂಜೆ ಏಳಕ್ಕೆ ದೇವಸ್ಥಾನದ ಮೇಲಿನ ಸೈರನ್ ಕೂಗುತ್ತದೆ. ಒಂದೂವರೆ ಗಂಟೆ ಟೀವಿ, ಫೋನು ಬಂದ್. ಮನೆಮನೆಯಲ್ಲಿ ಉಪದೇಶ ಮಾಡುವ ಬದಲು ಊರಿಗೆಲ್ಲ ಒಂದೇ ಕೂಗು. ಕೈಮೀರಿದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಪ್ರತ್ಯೇಕ ಚಿಕಿತ್ಸಾಲಯವಿದೆ. ನಮ್ಮದು ಆಸ್ಪತ್ರೆಗೆ ಹೋಗುವಷ್ಟು ದೊಡ್ಡ ಕಾಯಿಲೆಯಲ್ಲ, ಬಿಟ್ಟುಬಿಡುವಷ್ಟು ಸಣ್ಣದೂ ಅಲ್ಲ.

ನಮ್ಮ ಬಡಾವಣೆಯಲ್ಲಿ ಸೈರನ್ ಹಾಕಿಸುವವರಿಲ್ಲ. ಹಾಕಿಸಿದರೆ ಅದರ ವಿಡಿಯೋ ಮಾಡಿ ಸ್ಟೇಟಸ್ಸಿಗೆ ಹಾಕುವವರೇ ಎಲ್ಲ. ಹಾಗಾಗಿ ನಮ್ಮ ಮನೆಯಾಕೆ ಒಂದು ದಿನ ಸದ್ದಿಲ್ಲದೆ ಚಾರ್ಜರನ್ನು ಹಾಸಿಗೆಯ ಪಕ್ಕದಿಂದ ಕಿತ್ತು, ಹಾಲಿನಲ್ಲಿ ಚಪ್ಪಲಿ ಸ್ಟ್ಯಾಂಡಿನ ಮೇಲಿರುವ ಪ್ಲಗ್ಗಿಗೆ ಸಿಕ್ಕಿಸಿದಳು. ವೈರು ಗಿಡ್ಡ. ಫೋನು ನೋಡಬೇಕಾದರೆ ಗೋಡೆಗೆ ಮುಖ ಮಾಡಿ, ಕತ್ತು ಬಗ್ಗಿಸಿ, ಮೇಷ್ಟ್ರು ಶಿಕ್ಷೆ ಕೊಟ್ಟ ಹುಡುಗನ ಭಂಗಿಯಲ್ಲಿ ನಿಲ್ಲಬೇಕು. ಕೆಳಗಿನಿಂದ ಮಳೆಗೆ ನೆನೆದ ಬೂಟಿನ ವಾಸನೆ. ನಾಲ್ಕನೆಯ ರೀಲ್ಸಿನ ಹೊತ್ತಿಗೆ ಮೀನಖಂಡ ಹಿಡಿದುಕೊಂಡು ಮಂಗಳ ಹಾಡುತ್ತದೆ. ಆತ್ಮಸಂಯಮದ ಬಗ್ಗೆ ದಪ್ಪ ಪುಸ್ತಕ ಬರೆಯುವವರು ಮೀನಖಂಡವನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲವೆಂದು ನನ್ನ ತಕರಾರು.

ಇದರಿಂದ ಹೊಸ ತಾಪತ್ರಯವೂ ಹುಟ್ಟಿದೆ. “ಎರಡು ಗೆರೆ ನೀಲಿಯಾಗೋಕೆ ಮಧ್ಯಾಹ್ನವಾಯ್ತಲ್ಲೋ, ಮೈ ಹುಷಾರಿದೆಯಾ?” ಎಂದು ದೊಡ್ಡತ್ತೆ ಗ್ರೂಪಿನಲ್ಲೇ ಕೇಳಿದರು. ಅದಕ್ಕೆ ಮೂವರು ಮೃತ್ಯುಂಜಯ ಮಂತ್ರ ಹಾಕಿದರು. ಬಂಧುಗಳಲ್ಲಿ ನನ್ನದೊಂದೇ ವಿನಂತಿ: ಗೆರೆ ನೀಲಿಯಾಗದಿದ್ದರೂ ನಾನು ಬದುಕಿದ್ದೇನೆಂದೇ ತಿಳಿಯಿರಿ. ತುರ್ತಿದ್ದರೆ ಕರೆ ಮಾಡಿ. ಫೋನಿನಲ್ಲಿ ಆ ಸೌಲಭ್ಯ ಇನ್ನೂ ಇದೆ.