ಐಪಿಎಲ್ ಬೇಡದ ರಾಯರು

ರಾಯರಿಗೆ ಐಪಿಎಲ್ ಅಂದರೆ ಮೈ ಉರಿಯುತ್ತದೆ. ಬೆಂಗಳೂರಿನಲ್ಲಿ ಮನೆ ಮಾಡಿಕೊಂಡು ಇಂಥ ಮಾತಾಡಿದರೆ ಅಪಾರ್ಟ್‌ಮೆಂಟಿನ ಜನ ಒಂಥರಾ ನೋಡುವುದು ಸಹಜ. ಆದರೆ ಇವರ ಐಪಿಎಲ್‌ಗೂ ಚಿನ್ನಸ್ವಾಮಿ ಸ್ಟೇಡಿಯಮ್ಮಿಗೂ ಸಂಬಂಧವಿಲ್ಲ. ನಾವೆಲ್ಲ ರೀಸ್ಟಾರ್ಟ್ ಅನ್ನುವುದನ್ನು ಮೇನ್‌ಫ್ರೇಮ್ ಮಂದಿ ಇನಿಷಿಯಲ್ ಪ್ರೋಗ್ರಾಮ್ ಲೋಡ್ ಅನ್ನುತ್ತಾರೆ. 1964ರಲ್ಲಿ ಐಬಿಎಂ ತನ್ನ ಸಿಸ್ಟಮ್ 360 ಘೋಷಿಸಿದ ಕಾಲದಿಂದಲೂ ಅದೇ ಹೆಸರು. ಅದು ಆಗದಂತೆ ನೋಡಿಕೊಳ್ಳುವುದಕ್ಕೇ ತಾವು ಹುಟ್ಟಿದ್ದು ಎಂದು ರಾಯರು ನಂಬಿದ್ದಾರೆ.

ಇಂಥ ರಾಯರು ದೊಡ್ಡ ಸಾಫ್ಟ್‌ವೇರ್ ಕಚೇರಿಗೊಬ್ಬರಂತೆ ಸಿಗುತ್ತಾರೆ. ಹುದ್ದೆ ಸಿಸ್ಟಮ್ಸ್ ಪ್ರೋಗ್ರಾಮರ್, ಬಳಗದ ಬಾಯಲ್ಲಿ ಸಿಸ್‌ಪ್ರಾಗ್. ಏಪ್ರಿಲ್ ತಿಂಗಳಲ್ಲೂ ಮೈಮೇಲೆ ಸ್ವೆಟರ್. ಮುಂದೆ ಕಪ್ಪು ಪರದೆ, ಹಸಿರು ಅಕ್ಷರ, 24 ಸಾಲು, ಸಾಲಿಗೆ 80 ಅಕ್ಷರ; ಅದಕ್ಕಿಂತ ಹೆಚ್ಚಿನದೆಲ್ಲ ಅವರ ಲೆಕ್ಕದಲ್ಲಿ ದುಂದು. ಕೀಬೋರ್ಡಿನಲ್ಲಿ ಎಫ್3 ಸವೆದು ಬೋಳಾಗಿದೆ. ಹೊಸ ಹುಡುಗರು ಸೇರಿದ ದಿನವೇ ಐಇಎಫ್‌ಬಿಆರ್14 ಎಂಬ ಪ್ರೋಗ್ರಾಮಿನ ಪುರಾಣ ನಡೆಯುತ್ತದೆ. ಏನೂ ಮಾಡದೆ ಸುಮ್ಮನೆ ವಾಪಸ್ ಬರುವುದಷ್ಟೇ ಅದರ ಕೆಲಸ. ಮೊದಲು ಬರೆದಾಗ ಇದ್ದದ್ದು ಒಂದೇ ಒಂದು ಇನ್‌ಸ್ಟ್ರಕ್ಷನ್. ಅದರಲ್ಲೂ ತಪ್ಪು! ರಿಟರ್ನ್ ಕೋಡನ್ನು ಸೊನ್ನೆ ಮಾಡದೆ ಬಂದುಬಿಡುತ್ತಿತ್ತು. ಇನ್ನೊಂದು ಸೇರಿಸಿ ಸರಿಪಡಿಸಿದರು. “ಏನೂ ಮಾಡದೇ ಇರೋದರಲ್ಲೂ ತಪ್ಪಾಗತ್ತೆ ಕಣಯ್ಯಾ. ನೀನು ಸಾವಿರ ಸಾಲು ಬರ್ಕೊಂಡು ಬಂದು ಎಲ್ಲಾ ಸರಿಯಾಗಿದೆ ಅಂತೀಯಲ್ಲ!”

ಮನೆಗೆ ಬಂದ ಇಂಟರ್‌ನೆಟ್ ಹುಡುಗನ ಪಾಡೂ ಇದೇ. “ಸಾರ್, ಒಂದ್ಸಲ ಆಫ್ ಮಾಡಿ ಆನ್ ಮಾಡಿ” ಅಂದದ್ದೇ ತಡ, “ಏನು ಕೆಟ್ಟಿದೆ ಅಂತ ಗೊತ್ತಿಲ್ದೆ ಆಫ್ ಮಾಡೋದಾ? ಸಾಕ್ಷಿನಾಶ ಕಣ್ರೀ ಅದು! ಮೊದಲು ಡಂಪ್ ತಗೊಳ್ಳಿ, ಮೆಮೊರೀಲಿ ಏನಿದೆ ನೋಡೋಣ” ಎಂದು ಹೊರಟರು. ರೂಟರಿನ ಡಂಪ್ ಎಂದರೇನೆಂದು ತಿಳಿಯದ ಆ ಹುಡುಗ ಕಾಫಿಯನ್ನೂ ಮುಗಿಸದೆ ಎದ್ದ. ಹೆಂಡತಿ ಒಳಗಿನಿಂದ ಮೆಲ್ಲಗೆ ಪ್ಲಗ್ ಕಿತ್ತು ಮತ್ತೆ ಹಾಕಿದರು. ಇಂಟರ್‌ನೆಟ್ ಬಂತು. ರಾಯರಿಗೆ ಇವತ್ತಿಗೂ ಹೇಳಿಲ್ಲ.

ರಾಯರ ಭಾನುವಾರ ಅವರದಲ್ಲ. ನ್ಯೂಯಾರ್ಕಿನ ಗಿರಾಕಿಗೆ ಶನಿವಾರ ನಡುರಾತ್ರಿ ಕಳೆದು 2 ಗಂಟೆಯಾದಾಗ ಇಲ್ಲಿ ಭಾನುವಾರ ಬೆಳಿಗ್ಗೆ 11.30, ಅಲ್ಲಿ ಚಳಿಗಾಲವಾದರೆ 12.30. ಬದಲಾವಣೆ ಮಾಡಲು ಅವರು ಕೊಡುವ ವೇಳೆ ಅದು, ಛತ್ರದಲ್ಲಿ ಎಲೆ ಹಾಕುವ ವೇಳೆಯೂ ಅದೇ. ಹಾಗಾಗಿ ನೆಂಟರ ಮದುವೆಯಲ್ಲಿ ರಾಯರನ್ನು ಹುಡುಕಬೇಕೆಂದರೆ ಉಗ್ರಾಣಕ್ಕೆ ಹೋಗಬೇಕು. ತಾಂಬೂಲದ ಚೀಲಗಳ ರಾಶಿಯ ಮೇಲೆ ಲ್ಯಾಪ್‌ಟಾಪ್, ಕಿವಿಗೆ ಹೆಡ್‌ಫೋನ್, ಜರಿ ಪಂಚೆಯ ಮೇಲೆ ಚಾರ್ಜರ್ ವೈರು. ಲೈನಿನಲ್ಲಿ ಅಮೆರಿಕದ ಮ್ಯಾನೇಜರು, ಜೊತೆಗೆ ಕಚೇರಿಯಿಂದ ಒಬ್ಬ ಜೂನಿಯರ್.

ಇಂಥದೇ ಒಂದು ಮದುವೆಯ ದಿನದ ಕೆಲಸ ಇಷ್ಟೇ. ಮೇನ್‌ಫ್ರೇಮಿನ ಆಪರೇಟಿಂಗ್ ಸಿಸ್ಟಮ್ ಜೆಡ್‌ಓಎಸ್‌ನಲ್ಲಿ ಜಾಬ್‌ಗಳೆಲ್ಲ ಪ್ರೋಗ್ರಾಮ್ ಹುಡುಕಿಕೊಂಡು ಬರುವ ಲೈಬ್ರರಿಗಳ ಸಾರ್ವಜನಿಕ ಪಟ್ಟಿಯೊಂದಿದೆ, ಲಿಂಕ್‌ಲಿಸ್ಟ್ ಅಂತ. ಹಿಂದಿನ ಕಾಲದಲ್ಲಿ ಅದಕ್ಕೊಂದು ಲೈಬ್ರರಿ ಸೇರಿಸಬೇಕೆಂದರೆ ಐಪಿಎಲ್ಲೇ ಗತಿ. ಈಗ ಸೆಟ್‌ಪ್ರಾಗ್ ಎಂಬ ಕಮಾಂಡಿದೆ. ಇರುವ ಪಟ್ಟಿಯ ನಕಲು ತೆಗೆದು, ನಕಲಿಗೆ ಹೊಸದನ್ನು ಸೇರಿಸಿ, ಆಕ್ಟಿವೇಟ್ ಕೊಟ್ಟರಾಯಿತು. ಆಮೇಲೆ ಶುರುವಾಗುವ ಜಾಬ್‌ಗಳಿಗೆ ಹೊಸ ಪಟ್ಟಿ. ಆಗಲೇ ಓಡುತ್ತಿರುವವು ಹಳೆಯದನ್ನೇ ಹಿಡಿದುಕೊಂಡು ತಮ್ಮ ಪಾಡಿಗೆ ಓಡುತ್ತಿರುತ್ತವೆ. ತಿಂಗಳುಗಟ್ಟಲೆ ನಿಲ್ಲದ ಸರ್ವಿಸ್‌ಗಳು ತಿಂಗಳುಗಟ್ಟಲೆ ಹಳೆಯದರಲ್ಲೇ. ಯಾರನ್ನೂ ಎಬ್ಬಿಸದ, ಯಾರಿಗೂ ಗೊತ್ತಾಗದ ಈ ಏರ್ಪಾಟನ್ನು ವಿವರಿಸುವಾಗ ರಾಯರ ದನಿ ಗದ್ಗದವಾಗುತ್ತದೆ.

“ಸಾರ್, ಅಪ್‌ಡೇಟ್ ಜಾಬ್ ಈಕ್ವಲ್ಸ್ ಸ್ಟಾರ್ ಕೊಟ್ಬಿಡೋಣ್ವಾ? ಓಡ್ತಿರೋವೂ ಒಂದೇ ಏಟಿಗೆ ಹೊಸದಕ್ಕೆ ಬಂದ್ಬಿಡ್ತವೆ” ಅಂದ ಜೂನಿಯರ್.

ಹಾಗೊಂದು ಕಮಾಂಡ್ ಇರುವುದು ನಿಜ. ಅದು ಅಪಾಯ ಎಂದು ಐಬಿಎಂ ಕೈಪಿಡಿಯೇ ಎಚ್ಚರಿಸುವುದೂ ನಿಜ: ಪ್ರೋಗ್ರಾಮನ್ನು ತರಲು ಹೋಗಿರುವ ಜಾಬ್‌ನ ಕೈಕೆಳಗಿನ ಪಟ್ಟಿಯನ್ನೇ ಕಿತ್ತುಕೊಂಡರೆ ಅದು ಎಲ್ಲಿ ಬೀಳುತ್ತದೋ ಹೇಳಲಾಗದು. ರಾಯರು ಬಾಗಿಲ ಸಂದಿಯಿಂದ ಪಂಕ್ತಿಯ ಕಡೆ ನೋಡಿದರು. “ಸಾರನ್ನ ಕಲಸ್ತಿರೋರ ಎಲೆ ಎಳೆದು ಬೇರೆ ಎಲೆ ಹಾಕ್ತೀಯೇನಯ್ಯಾ?” ಬಡಿಸುವವನು ತನಗೇ ಬೈದರೆಂದು ಪಾಯಸದ ಪಾತ್ರೆ ಹಿಡಿದುಕೊಂಡು ಹಿಂದೆ ಸರಿದ.

ಜೂನಿಯರ್ ಸುಮ್ಮನಿರಬೇಕಿತ್ತು. “ಹಾಗಾದ್ರೆ ಹಳೇ ಲೈಬ್ರರೀಲಿ ಜಾಗ ಕಮ್ಮಿಯಿದೆ, ಕಂಪ್ರೆಸ್ ಆದ್ರೂ ಮಾಡೋಣ” ಅಂದ. ರಾಯರು ಲ್ಯಾಪ್‌ಟಾಪಿನಿಂದ ಕೈ ತೆಗೆದರು. ಕಂಪ್ರೆಸ್ ಮಾಡಿದರೆ ಡಿಸ್ಕಿನಲ್ಲಿ ಪ್ರೋಗ್ರಾಮ್‌ಗಳ ಜಾಗ ಬದಲಾಗುತ್ತದೆ. ಡೈರೆಕ್ಟರಿಯನ್ನು ಮೆಮೊರಿಯಲ್ಲಿಟ್ಟುಕೊಂಡು ಕೂತಿರುವ ಎಲ್‌ಎಲ್‌ಎಗೆ ಆ ಸುದ್ದಿ ಇಲ್ಲ. ಅದು ಕೇಳಿದವರನ್ನೆಲ್ಲ ಹಳೇ ವಿಳಾಸಕ್ಕೇ ಕಳಿಸುತ್ತದೆ. ಅಲ್ಲೀಗ ಬೇರೆ ಯಾವುದೋ ಪ್ರೋಗ್ರಾಮಿನ ಅರ್ಧ ದೇಹ. ಜಾಬ್‌ಗಳು ನಡುವೆಯೇ ಸಾಯುತ್ತವೆ: ಎಸ್106 ಅಬೆಂಡು, ಎಸ್0ಸಿ1 ಅಬೆಂಡು, ಸಾಲುಸಾಲಾಗಿ. ಕೊನೆಗೆ ಉಳಿಯುವ ದಾರಿ ಯಾವುದೆಂದು ರಾಯರು ಬಾಯಿಬಿಟ್ಟು ಹೇಳಲಿಲ್ಲ, ಮದುವೆಮನೆಯಲ್ಲಿ ಅಂಥ ಶಬ್ದ ಆಡಬಾರದೆಂದು.

ಆಕ್ಟಿವೇಟ್ ಕೊಟ್ಟರು. ಮುಗಿಯಿತು. ಅಲ್ಲಿಗೇ ಎದ್ದರೆ ಅವರು ರಾಯರೇ ಅಲ್ಲ. ಕಮಾಂಡಿನಿಂದಾದ ಬದಲಾವಣೆಗೆ ಮುಂದಿನ ಐಪಿಎಲ್‌ವರೆಗೆ ಮಾತ್ರ ಆಯುಸ್ಸು. ಯಂತ್ರ ಏಳುವಾಗ ಓದಿಕೊಳ್ಳುವ ಪಾರ್ಮ್‌ಲಿಬ್‌ನಲ್ಲೂ ಬರೆದಿಡದಿದ್ದರೆ ಎಂದೋ ಒಂದು ದಿನ ಯಂತ್ರ ಎದ್ದಾಗ ಹೊಸ ಲೈಬ್ರರಿ ಪಟ್ಟಿಯಲ್ಲೇ ಇರುವುದಿಲ್ಲ, ಪ್ರೋಗ್ರಾಮ್ ಸಿಕ್ಕಲಿಲ್ಲವೆಂದು ಎಸ್806 ಅಬೆಂಡ್. ಅಷ್ಟರಲ್ಲಿ ಮರೆತವನು ಬೇರೆ ಕಂಪನಿಗೆ ಹಾರಿ ಅಲ್ಲಿ ಬಡ್ತಿಯನ್ನೂ ಪಡೆದಿರುತ್ತಾನೆ. ರಾಯರು ಬರೆದು, ಎರಡು ಸಲ ಓದಿ, ಕಾಮೆಂಟಿನಲ್ಲಿ ತಾರೀಕು ಹಾಕಿದರು. ಎರಡನೇ ಪಂಕ್ತಿಯ ಮಜ್ಜಿಗೆ ಬಂದಾಗಿತ್ತು.

“ಯಾವಾಗ ಶುರು ಮಾಡ್ತೀರಿ?” ಎಂದು ಕೇಳಿದರು ಅಮೆರಿಕದ ಮ್ಯಾನೇಜರು.

ಈ ಬದಲಾವಣೆಯ ಟಿಕೆಟ್ ಫಾರ್ಮ್ ತುಂಬಿ ಮುಚ್ಚುವುದನ್ನು ಜೂನಿಯರ್‌ಗೆ ಬಿಟ್ಟದ್ದೇ ಎಡವಟ್ಟಾಯಿತು. ‘ಸೇವೆ ಎಷ್ಟು ನಿಮಿಷ ನಿಂತಿತ್ತು’ ಎಂಬ ಕಾಲಂ ಸೊನ್ನೆಯನ್ನು ಒಪ್ಪುವುದಿಲ್ಲ. ಹುಡುಗ 1 ಅಂತ ಹಾಕಿ ಸಿನಿಮಾಕ್ಕೆ ಹೋದ. ತಿಂಗಳ ಕೊನೆಯ ವರದಿಯಲ್ಲಿ ರಾಯರ ಸಿಸ್ಟಮ್ಮಿನ ಹೆಸರಿನ ಮುಂದೆ ಆ ಒಂದು ನಿಮಿಷ ಕೆಂಪು ಬಣ್ಣದಲ್ಲಿ ನಿಂತಿತ್ತು. ರಾಯರು ಮೂರು ಪುಟದ ದೂರು ಬರೆದರು. ಫಾರ್ಮಿನವರು ಸಭ್ಯರು, ಮರುದಿನವೇ ಉತ್ತರಿಸಿದರು: ಸೊನ್ನೆ ಒಪ್ಪುವಂತೆ ತಿದ್ದಿದ್ದೇವೆ, ಜಾರಿಗೆ ಬರಬೇಕೆಂದರೆ ಸರ್ವರ್ ಒಮ್ಮೆ ರೀಸ್ಟಾರ್ಟ್ ಆಗಬೇಕು, ದಯವಿಟ್ಟು ಅಪ್ರೂವ್ ಮಾಡಿ.

ಅಪ್ರೂವ್ ಮಾಡಬೇಕಾದವರ ಪಟ್ಟಿಯಲ್ಲಿ ಉಳಿದವರೆಲ್ಲ ಒಪ್ಪಿಗೆ ಕೊಟ್ಟಾಗಿದೆ. ರಾಯರದೊಂದು ಬಾಕಿ.