ತಂತಿಗೂ ಆಯ ಕೂಡಿಬರಬೇಕು

ಬೆಂಗಳೂರಿನಲ್ಲಿ ಮನೆ ಕಟ್ಟಿಸಿದವರಿಗೆ ಆಯ ಎಂದರೇನು ಅಂತ ಹೇಳಿಕೊಡಬೇಕಾಗಿಲ್ಲ. ಉದ್ದಗಲ ಗುಣಿಸಿ, ಬಂದದ್ದನ್ನು ಒಂಬತ್ತರಿಂದ ಗುಣಿಸಿ, ಎಂಟರಿಂದ ಭಾಗಿಸಿದಾಗ ಉಳಿಯುವ ಶೇಷವೇ ಆಯ. ಒಂದು ಉಳಿದರೆ ಧ್ವಜ, ಎರಡಕ್ಕೆ ಧೂಮ, ಮೂರಕ್ಕೆ ಸಿಂಹ, ನಾಲ್ಕಕ್ಕೆ ಶ್ವಾನ, ಐದಕ್ಕೆ ವೃಷಭ, ಆರಕ್ಕೆ ಖರ, ಏಳಕ್ಕೆ ಗಜ. ಏನೂ ಉಳಿಯದಿದ್ದರೆ ಕಾಗೆ. ಬೆಸ ಬಂದರೆ ಪಾಯಪೂಜೆ, ಸಮ ಬಂದರೆ ಮೇಸ್ತ್ರಿಗೆ ಹೇಳಿ ಗೋಡೆ ಮೂರಿಂಚು ಒಳಕ್ಕೆ. ನಮ್ಮೂರಿನ ಪ್ರಸಿದ್ಧ 30×40 ಸೈಟಿನ ಆಯವನ್ನೇ ತೆಗೆದು ನೋಡಿ: 1200 ಗುಣಿಸು 9, ಭಾಗಿಸು 8, ಶೇಷ ಸೊನ್ನೆ. ಅರ್ಧ ಬೆಂಗಳೂರು ಕಾಗೆಯ ಬೆನ್ನ ಮೇಲೆ ನಿಂತಿದೆ.

ಇದನ್ನೆಲ್ಲ ಹೇಳಿಕೊಂಡು ನಗುತ್ತಿದ್ದೆ, ಹ್ಯಾಮ್ ಆಗುವವರೆಗೆ.

ಹವ್ಯಾಸಿ ರೇಡಿಯೊ ಲೈಸೆನ್ಸ್ ಕೈಗೆ ಬಂದ ವಾರವೇ ಹಿರಿಯ ಹ್ಯಾಮ್ ಒಬ್ಬರ ಮನೆಗೆ ಹೋಗಿ, ‘ಸಾರ್, ಯಾವ ಆಂಟೆನಾ ಹಾಕ್ಲಿ?’ ಅಂದೆ. ಸೈಟೆಷ್ಟು ಅಂದರು. ಮೂವತ್ತು ನಲವತ್ತು ಅಂದೆ. ಮುಖದಲ್ಲಿ ಸಂತಾಪ ಕಾಣಿಸಿತು. ‘ಎಂಡ್ ಫೆಡ್ ಹಾಕ್ಬಿಡಿ. ಒಂದೇ ತಂತಿ. ಒಂದು ತುದೀಲಿ ಟ್ರಾನ್ಸ್‌ಫಾರ್ಮರ್ ಡಬ್ಬಿ, ಇನ್ನೊಂದು ತುದಿ ಎಲ್ಲಿಗಾದ್ರೂ ಕಟ್ಟಿ. ರ್‍ಯಾಂಡಮ್ ವೈರ್ ಅಂತಾರೆ ಅದಕ್ಕೆ.’ ಉದ್ದ ಎಷ್ಟಿರಬೇಕು ಅಂದೆ. ಅವರ ದನಿ ತಗ್ಗಿತು. ‘ರ್‍ಯಾಂಡಮ್ಮೇ. ಆದ್ರೆ ನಿಮಗೆ ತೋಚಿದಷ್ಟು ಹಾಕಿಬಿಡಬೇಡಿ ಮತ್ತೆ.’ ಮೇಜಿನ ಡ್ರಾಯರಿನಿಂದ ಲ್ಯಾಮಿನೇಟ್ ಮಾಡಿಸಿದ ಚೀಟಿಯೊಂದನ್ನು ತೆಗೆದರು. ಅದರ ಮೇಲೆ ಹೀಗಿತ್ತು: 29, 35.5, 41, 58, 71, 84, 107, 119, 148, 203. ಎಲ್ಲ ಅಡಿಗಳಲ್ಲಿ. ಎರಡು ಕೈಯಿಂದ ಈಸಿಕೊಂಡೆ. ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ.

ಮನೆಗೆ ಬಂದು ಚೀಟಿಯ ಆಯ ತೆಗೆದೆ. 41 ಧ್ವಜ. 29 ವೃಷಭ. 107, 203 ಎರಡೂ ಸಿಂಹ. 71, 119 ಗಜ. ಹತ್ತರಲ್ಲಿ ಆರು ಶುಭ, ಒಂದು ಅರ್ಧ ಅಡಿಯ ಬಾಲ ಇರುವುದರಿಂದ ಲೆಕ್ಕಕ್ಕೇ ಸಿಗದು. ಇಷ್ಟು ಒಳ್ಳೆಯ ಫಲ ನಮ್ಮ ಪಂಚಾಂಗದವರ ಕೈಲೂ ಸಾಧ್ಯವಿಲ್ಲ.

ತಮಾಷೆ ಬದಿಗಿಡಿ, ಚೀಟಿಗೊಂದು ಕಾರಣವಿದೆ, ಗಟ್ಟಿ ಕಾರಣವೇ. ಲೈಸೆನ್ಸ್ ಪರೀಕ್ಷೆಗೆ ಓದಿದವರಿಗೆ ಗೊತ್ತು: 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. ಅದರ ಅರ್ಧವನ್ನು ಅಡಿ ಮಾಡಿ, ತಂತಿಯ ತುದಿಗಳ ಕಾಟಕ್ಕೆ ನೂರಕ್ಕೆ ಐದರಷ್ಟು ಕಳೆದರೆ ಹ್ಯಾಮ್‌ಗಳ ಗಾಯತ್ರಿ ಮಂತ್ರ ಹುಟ್ಟುತ್ತದೆ: 468 ಭಾಗಿಸು ಮೆಗಾಹರ್ಟ್ಸ್. 7.1ಕ್ಕೆ 66 ಅಡಿ, 14.2ಕ್ಕೆ 33. ತಂತಿ ಸರಿಯಾಗಿ ಅರ್ಧ ಅಲೆಯಷ್ಟಿದ್ದು ತುದಿಯಿಂದ ವಿದ್ಯುತ್ತು ಊಡಿದರೆ, ಆ ತುದಿಯಲ್ಲಿ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ, ವೋಲ್ಟೇಜು ಮುಗಿಲಿಗೆ. ಅಡ್ಡಿ ಎರಡು ಮೂರು ಸಾವಿರ ಓಮ್ ದಾಟುತ್ತದೆ. ನಮ್ಮ ರೇಡಿಯೊ ಕೇಳುವುದು 50 ಓಮ್. ರ್‍ಯಾಂಡಮ್ ವೈರಿನ ಡಬ್ಬಿಯೊಳಗಿರುವುದು 9:1 ಟ್ರಾನ್ಸ್‌ಫಾರ್ಮರ್, ಅದಕ್ಕೆ 450ರ ಆಸುಪಾಸಿನ ಓಮ್ ಇದ್ದರೆ ಜೀರ್ಣವಾಗುತ್ತದೆ, ಮೂರು ಸಾವಿರ ಕೊಟ್ಟರೆ ಅಜೀರ್ಣ. ಆದ್ದರಿಂದ ಯಾವ ಬ್ಯಾಂಡಿನಲ್ಲೂ ಅರ್ಧ ಅಲೆಗೋ ಅದರ ಮಗ್ಗಿಗೋ ಸಿಕ್ಕಿಬೀಳದ ಉದ್ದಗಳನ್ನು ಯಾರೋ ಪುಣ್ಯಾತ್ಮರು ಕೂತು ಹೆಕ್ಕಿದ್ದಾರೆ. ಚೀಟಿ ಅಂದರೆ ಅಷ್ಟೇ.

ಇನ್ನೊಂದು ಪಂಗಡವಿದೆ. ಅವರ ಡಬ್ಬಿಯೊಳಗೆ 49:1. ಅವರಿಗೆ ಅರ್ಧ ಅಲೆಯೇ ಬೇಕು, 2450 ಓಮ್ ಕಂಡರೆ ಪರಮಾನಂದ. 66 ಅಡಿ ಹಾಕಿದರೆ 40 ಮೀಟರ್ ಬ್ಯಾಂಡಿನ ಜೊತೆಗೆ 20, 15, 10 ಮೀಟರ್ ಬ್ಯಾಂಡುಗಳೂ ಮಗ್ಗಿ ಒಪ್ಪಿಸಿದಂತೆ ಒಂದರ ಹಿಂದೊಂದು ಬರುತ್ತವೆ ಎಂದು ಸಾಧಿಸುತ್ತಾರೆ, ಬಹುಮಟ್ಟಿಗೆ ನಿಜವೂ ಹೌದು. ಹೀಗೆ ಒಬ್ಬರ ರಾಹುಕಾಲವೇ ಇನ್ನೊಬ್ಬರ ಅಮೃತಘಳಿಗೆ. ಎರಡೂ ಕಡೆಯವರನ್ನು ಒಂದೇ ಕಾಫಿ ಟೇಬಲ್ಲಿಗೆ ಕೂರಿಸಿ ನೋಡಿ; ಕಾಫಿ ಆರಿ, ಕೆನೆಗಟ್ಟಿ, ಹೋಟೆಲಿನವನು ದೀಪ ಆರಿಸುವ ತನಕ ವಾದ ಮುಗಿಯದು. 66ರ ಆಯ ಧೂಮ ಅನ್ನುವುದನ್ನು ನಾನು ಅವರಿಗೆ ಹೇಳಿಲ್ಲ. ಸಣ್ಣ ಫೆರೈಟ್ ಬಳೆಗೆ ತಂತಿ ಸುತ್ತಿ ಡಿಜಿಟಲ್ ಮೋಡಿನಲ್ಲಿ ನೂರು ವ್ಯಾಟ್ ಸುರಿದವರಿಗೆ ಡಬ್ಬಿಯ ಮುಚ್ಚಳ ತೆಗೆದಾಗ ತಾನಾಗಿಯೇ ಗೊತ್ತಾಗುತ್ತದೆ.

ಪ್ರಕೃತಿ ನಿಯಮ ಮಾಡುವಾಗ ನಮ್ಮ ಬಡಾವಣೆಯ ನಕ್ಷೆ ನೋಡಲಿಲ್ಲ, ನನ್ನ ನಿಜವಾದ ದೂರು ಇದು. 30×40 ಸೈಟಿನ ಮೂಲೆಯಿಂದ ಮೂಲೆಗೆ ಸರಿಯಾಗಿ 50 ಅಡಿ, ಪೈಥಾಗೊರಸ್ ಸಾಕ್ಷಿ. ಅದರಲ್ಲಿ 10.1 ಮೆಗಾಹರ್ಟ್ಸ್‌ನ ಅರ್ಧ ಅಲೆ, 46 ಅಡಿ, ಹೇಗೋ ಹಿಡಿಯುತ್ತದೆ. ಅಲ್ಲಿ ಮಾತಾಡುವಂತಿಲ್ಲ, ಮೋರ್ಸ್ ಕುಟ್ಟಬೇಕು. 20×30ರವನಿಗೆ 36 ಅಡಿ, ಅವನು ಹಗಲು ಹೊತ್ತು 14 ಮೆಗಾಹರ್ಟ್ಸ್‌ನಲ್ಲಿ ಪರದೇಶದವರ ಜೊತೆ ಮಾತಾಡಿಕೊಂಡಿರಬೇಕು, ಪಕ್ಕದ ಜಿಲ್ಲೆಯವರು ಸಿಗುವುದು ಕಷ್ಟ. ಬೆಳಗಿನ ನೆಟ್‌ನಲ್ಲಿ ನಮ್ಮವರೆಲ್ಲ ರೇಡಿಯೊದಲ್ಲೇ ಕೂಟ ಸೇರುವ 7 ಮೆಗಾಹರ್ಟ್ಸ್ ಬೇಕೆಂದರೆ 40×60 ಸೈಟು ಇರಬೇಕು, ಅಲ್ಲಿ ಕರ್ಣ 72 ಅಡಿ. 80 ಮೀಟರ್ ಬ್ಯಾಂಡಿಗೆ ಬೇಕಾದ 130 ಅಡಿ 50×80ರವರಿಗೂ ಇಲ್ಲ. ಅವರೂ ಕೈಚಾಚಿಕೊಂಡೇ ಬದುಕಬೇಕು. ಸಮಾನತೆಯ ಆ ಒಂದು ಕಿರಣ ನನಗೆ ಸಮಾಧಾನ ಕೊಟ್ಟಿದೆ.

ಹೋಗಲಿ, ಇರುವ 50 ಅಡಿಯನ್ನೇ ರ್‍ಯಾಂಡಮ್ ಅಂದುಕೊಂಡು ಕಟ್ಟಿಬಿಡೋಣ ಅಂದರೆ, 28 ಮೆಗಾಹರ್ಟ್ಸ್‌ನ ಮೂರು ಅರ್ಧ ಅಲೆ ಸೇರಿದರೆ 50 ಅಡಿ ಒಂದೂಮುಕ್ಕಾಲು ಇಂಚು. ನೆಲದ ಮೇಲೆ ಕಾಗೆ, ಕರ್ಣದ ಮೇಲೆ ಧೂಮ.

ಚೀಟಿಯವರ ನಿಷ್ಠೆಯನ್ನು ಮೆಚ್ಚಲೇಬೇಕು. 35.5 ಅಡಿ ಅಂದರೆ 35.5 ಅಡಿ. ಟೇಪು ಹಿಡಿದು, ಉಗುರಿನಿಂದ ಗುರುತು ಮಾಡಿ, ಉಸಿರು ಬಿಗಿಹಿಡಿದು ಕತ್ತರಿಸುತ್ತಾರೆ. ಆಮೇಲೆ ತುದಿಗೆ ಒಂಬತ್ತಿಂಚು ಮಡಿಸಿ ಗಂಟು ಹಾಕುತ್ತಾರೆ. ಎಸ್.ಪಿ. ರೋಡಿನಿಂದ ತಂದ 90 ಮೀಟರ್ ಕಾಯಿಲ್‌ನ ಪಿವಿಸಿ ಹೊದಿಕೆಯ ವೈರಿಂಗ್ ತಂತಿ ಅದು. ಹೊದಿಕೆ ಇದ್ದ ತಂತಿ ರೇಡಿಯೊ ಅಲೆಗೆ ನೂರಕ್ಕೆ ಎರಡು ಮೂರರಷ್ಟು ಉದ್ದವಾಗಿ ಕಾಣುತ್ತದೆ. ಅದನ್ನು ಸಿಂಟೆಕ್ಸ್ ಟ್ಯಾಂಕಿನ ಕೊರಳಿಗೆ ಒಂದು ಸುತ್ತು, ಸೋಲಾರ್ ಪೈಪಿಗೆ ಒಂದು ಸುತ್ತು, ಅಲ್ಲಿಂದ ಮೊಣಕೈ ಮಡಿಸಿದಂತೆ ಬಗ್ಗಿಸಿ, ಕಬ್ಬಿಣ ತುಂಬಿದ ಆರ್‌ಸಿಸಿ ತಾರಸಿಯಿಂದ ನಾಲ್ಕಡಿ ಎತ್ತರದಲ್ಲಿ ಬಟ್ಟೆ ಒಣಹಾಕುವ ಹಗ್ಗಕ್ಕೆ ಜೋಡಿ ಮಾಡಿ ಕಟ್ಟುತ್ತಾರೆ. ಇಷ್ಟಾದ ಮೇಲೂ ಅರ್ಧ ಅಡಿಯ ಪಾವಿತ್ರ್ಯ ಉಳಿದಿದೆ ಎಂಬ ನಂಬಿಕೆ ಅಲುಗುವುದಿಲ್ಲ.

ಚೀಟಿ ಹೇಳದೆ ಬಿಟ್ಟದ್ದು ಇನ್ನೂ ಸ್ವಾರಸ್ಯದ್ದು. ಹೊರಟ ಕರೆಂಟಿಗೆ ಹಿಂದಿರುಗುವ ದಾರಿಯೊಂದು ಬೇಕು. ಡೈಪೋಲ್ ಎಂಬ ಆಂಟೆನಾಗೆ ಎರಡು ತೋಳು, ಒಂದರ ಲೆಕ್ಕ ಇನ್ನೊಂದು ಚುಕ್ತಾ ಮಾಡುತ್ತದೆ. ತುದಿಯಿಂದ ಊಡುವ ತಂತಿಗೆ ಒಂದೇ ತೋಳು. ಇನ್ನೊಂದು ತೋಳಾಗಿ ಕೌಂಟರ್‌ಪಾಯ್ಸ್ ಎಂಬ ತಂತಿಯನ್ನು ನಾವು ಕೊಡಬೇಕು. ಕೊಡದಿದ್ದರೆ ಅದು ಕೇಳುತ್ತ ಕೂರುವುದಿಲ್ಲ, ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತದೆ. ಮೊದಲು ಸಿಗುವುದು ರೇಡಿಯೊದಿಂದ ತಂತಿಗೆ ಹೋಗುವ ಕೋಆಕ್ಸ್ ಕೇಬಲ್ಲಿನ ಹೊರಮೈ. ಅದರ ಮೇಲೆ ಹರಿದು ಮೆಟ್ಟಿಲಿಳಿದು ಮನೆಯೊಳಕ್ಕೇ ಬರುತ್ತದೆ. ನಾನು ಮೈಕ್ ಒತ್ತಿದಾಗಲೆಲ್ಲ ಕಾಲಿಂಗ್ ಬೆಲ್ ತಾನಾಗಿ ಬಡಿದುಕೊಳ್ಳುತ್ತಿತ್ತು, ತುಟಿ ಮೈಕಿಗೆ ತಾಗಿದರೆ ಇರುವೆ ಕಚ್ಚಿದಂತಾಗುತ್ತಿತ್ತು. ಮೂರನೆಯ ಸಲ ಬಾಗಿಲು ತೆಗೆದು ಯಾರೂ ಇಲ್ಲದ್ದು ಕಂಡು ಬಂದ ನನ್ನಾಕೆ, ‘ಆ ನಿಮ್ಮ ನೆಂಟ್ರಿಗೆ ಒಳಗೇ ಕೂತ್ಕೊಳಕ್ಕೆ ಹೇಳಿ’ ಅಂದಳು. ಚೀಟಿ ನೋಡಿ ನಾನು ಕಟ್ಟಿದ್ದ 41 ಅಡಿಯ ಪುಣ್ಯತಂತಿಗೆ ಲೆಕ್ಕಕ್ಕಿಲ್ಲದ 60 ಅಡಿ ಕೇಬಲ್ ಬಾಲವಾಗಿ ಅಂಟಿಕೊಂಡಿತ್ತು. ಹಾಗಾದರೆ ನನ್ನ ಆಂಟೆನಾ ಎಷ್ಟಡಿ? ಚೀಟಿ ಮೌನ.

ಹಿರಿಯರಿಗೆ ಫೋನು ಮಾಡಿದರೆ ಒಂದೇ ಪ್ರಶ್ನೆ: ‘ಎಸ್‌ಡಬ್ಲ್ಯುಆರ್ ಎಷ್ಟು?’ ರೇಡಿಯೊಗೂ ಆಂಟೆನಾಗೂ ಎಷ್ಟು ಹೊಂದಿಕೆ ಎನ್ನುವ ಅಳತೆ ಅದು, ನಮ್ಮವರು ಹುಡುಗಿ ನೋಡಲು ಹೋದಾಗ ನಕ್ಷತ್ರ ಕೇಳುವ ಹಾಗೆ. ಒಂದಕ್ಕೊಂದು ಬಂದರೆ ಜಾತಕ ಕೂಡಿತು, ಮುಂದಿನದು ಯಾರಿಗೂ ಬೇಡ. 50 ಓಮಿನ ಡಮ್ಮಿ ಲೋಡ್ ಎಂಬ ರೆಸಿಸ್ಟರನ್ನು ಸಿಕ್ಕಿಸಿದರೂ ಒಂದಕ್ಕೊಂದೇ ಬರುತ್ತದೆ. ಮೀಟರು ಹಾಲು ಕುಡಿದಷ್ಟು ಸಂತೋಷದಿಂದ ಮಲಗಿರುತ್ತದೆ, ಮಾತು ಮಾತ್ರ ಪಕ್ಕದ ರಸ್ತೆ ದಾಟುವುದಿಲ್ಲ. ಹಳೆಯ ಕೆಟ್ಟ ಕೇಬಲ್ ಉದ್ದಕ್ಕೆ ಎಳೆದಷ್ಟೂ ಶಕ್ತಿ ಅದರಲ್ಲೇ ಬೆಚ್ಚಗಾಗಿ ಎಸ್‌ಡಬ್ಲ್ಯುಆರ್ ಚೆಂದ ಕಾಣುತ್ತದೆ. ಇಂಥ ಚೆಂದದ ಅಂಕಿಯ ಫೋಟೊ ತೆಗೆದು ಬಳಗಕ್ಕೆಲ್ಲ ಹಂಚಿ, ಮೈಕನ್ನು ಒಂದು ಸಲವೂ ಒತ್ತದೆ ತಿಂಗಳುಗಟ್ಟಲೆ ನೆಮ್ಮದಿಯಾಗಿರುವವರು ನಮ್ಮಲ್ಲಿ ಕಮ್ಮಿ ಇಲ್ಲ.

1901ರ ಡಿಸೆಂಬರ್ 12ರಂದು ನ್ಯೂಫೌಂಡ್‌ಲೆಂಡಿನ ಗುಡ್ಡದ ಮೇಲೆ ಮಾರ್ಕೊನಿ ಕಟ್ಟಿದ್ದೂ ತುದಿಯಿಂದ ಎಳೆದ ಒಂದು ತಂತಿಯೇ. ಇನ್ನೊಂದು ತುದಿ ಗಾಳಿಪಟಕ್ಕೆ. ಬಿರುಗಾಳಿಗೆ ಪಟ ಏರುತ್ತ ಇಳಿಯುತ್ತ ತಂತಿಯ ಎತ್ತರ ನಿಮಿಷ ನಿಮಿಷಕ್ಕೆ ಬದಲಾಗುತ್ತಿತ್ತು. ಉದ್ದ ಸುಮಾರು 500 ಅಡಿ, ಆಯ ನೋಡಿದರೆ ಶ್ವಾನ. ಅಟ್ಲಾಂಟಿಕ್ ಆಚೆಯಿಂದ ಮೂರು ಚುಕ್ಕೆ, ಎಸ್ ಅಕ್ಷರ, ಕೇಳಿಸಿತೆಂದು ಆತ ಹೇಳಿದ. ನಿಜಕ್ಕೂ ಕೇಳಿಸಿತೇ ಎಂದು ವಿದ್ವಾಂಸರು ಇವತ್ತಿಗೂ ಜಗಳವಾಡುತ್ತಾರೆ. ನಮ್ಮ ಹಿರಿಯರಿಗೆ ಅನುಮಾನವೇ ಇಲ್ಲ: ‘500 ಅಡಿ ಚೀಟೀಲಿ ಇಲ್ಲ. ಕೇಳ್ಸಿರಕ್ಕಿಲ್ಲ.’

ಕೊನೆಗೆ ನಾನು ಮತಾಂತರವಾದೆ. 49:1 ಡಬ್ಬಿ, 66 ಅಡಿ ತಂತಿ. ನಮ್ಮ ತಾರಸಿಯ 50 ಅಡಿ ಮುಗಿದ ಮೇಲೆ ಉಳಿದ 16 ಅಡಿ ಪಕ್ಕದ ಮನೆಯ ಗಾಳಿಯಲ್ಲಿ ತೇಲಿ, ಅವರ ತೆಂಗಿನ ಮರ ಸೇರಬೇಕು. ಪಕ್ಕದ ಮನೆ ರಾಯರು ಬ್ಯಾಂಕಿನಿಂದ ನಿವೃತ್ತರು. ಇಡೀ ಬೀದಿಯ ಮನೆಗಳ ಆಯ ಅವರ ನಾಲಿಗೆ ತುದಿಯಲ್ಲಿದೆ. ಟವರಿನ ರೇಡಿಯೇಷನ್ ಅಂತ ತಗಾದೆ ತೆಗೆಯುತ್ತಾರೇನೋ ಎಂದು ಉತ್ತರ ಸಿದ್ಧಮಾಡಿಕೊಂಡು ಹೋಗಿದ್ದೆ. ಅವರು ಕೇಳಿದ್ದೇ ಬೇರೆ.

‘ಉದ್ದ ಎಷ್ಟಪ್ಪಾ?’

‘ಅರವತ್ತಾರು ಅಡಿ, ರಾಯರೇ.’

‘ಅಗಲ?’

‘ತಂತಿಗೆಲ್ಲಿ ಅಗಲ?’

‘ಸರಿ, ಬರೀ ಉದ್ದಕ್ಕೇ ನೋಡೋಣ.’ ಕಣ್ಣು ಮುಚ್ಚಿ ಒಂಬತ್ತರಿಂದ ಗುಣಿಸಿದರು, ಎಂಟರಿಂದ ಭಾಗಿಸಿದರು. ಎಂಟರಿಂದ ಭಾಗಿಸುವುದೇ ಆದರೆ ಒಂಬತ್ತರಿಂದ ಗುಣಿಸಿದರೂ ಬಿಟ್ಟರೂ ಶೇಷ ಅದೇ, ಗುಣಾಕಾರ ಬರೀ ಮರ್ಯಾದೆಗೆ ಅಂತ ಹೇಳಬೇಕೆನಿಸಿತು. ಮರ ಅವರದು, ಸುಮ್ಮನಾದೆ. ‘ಧೂಮಾಯ ಬರತ್ತೆ ಕಣಪ್ಪಾ. ನಮ್ಮ ಮರಕ್ಕೆ ಕಟ್ಟೋದಾದ್ರೆ ಒಂದಡಿ ಕತ್ತರಿಸಿಬಿಡು. ಅರವತ್ತೈದು, ಧ್ವಜಾಯ. ಯಶಸ್ಸು.’

ಕತ್ತರಿಸುವ ಮೊದಲು ಮೀಟರು ಹಿಡಿದು ನೋಡಿದ್ದೆ. ತಂತಿ 6.95 ಮೆಗಾಹರ್ಟ್ಸ್‌ನಲ್ಲಿ ರಾಗ ಹಿಡಿದಿತ್ತು, ನಮ್ಮ ಬ್ಯಾಂಡಿನ ಹೊಸ್ತಿಲಾಚೆ. ಪಿವಿಸಿ ಹೊದಿಕೆಯ ಕರಾಮತ್ತು. ಒಂದಡಿ ಹೋದ ಮೇಲೆ 7.06ಕ್ಕೆ ಬಂದು ಕೂತಿತು, ಅಳೆದು ಕೂರಿಸಿದ ಹಾಗೆ. ರಾಯರು ತಾರಸಿಯ ಆ ಕಡೆಯಿಂದಲೇ ನನ್ನ ಮುಖ ನೋಡಿ, ಉತ್ತರ ಬೇಡವೆಂಬಂತೆ ತಲೆಯಾಡಿಸಿ ಒಳಗೆ ಹೋದರು.

ಮರುದಿನ ಬೆಳಗಿನ ನೆಟ್‌ನಲ್ಲಿ ನನ್ನ ಸಿಗ್ನಲ್ ಚೆನ್ನಾಗಿದೆ ಅಂದರು. ಹಾಸನದವರೊಬ್ಬರು, ಮಂಗಳೂರಿನವರೊಬ್ಬರು, ಇಬ್ಬರೂ ‘ಐದು ಒಂಬತ್ತು’, ಅಂದರೆ ಪೂರ್ತಿ ಅಂಕ, ಕೊಟ್ಟರು. ಚೀಟಿ ಕೊಟ್ಟ ಹಿರಿಯರು ಮಧ್ಯೆ ಬಂದು, ‘ತಂತಿ ಎಷ್ಟಡಿ?’ ಅಂದರು. ಅರವತ್ತೈದು ಅಂದೆ. ಅಷ್ಟೇ ಯಾಕೆ ಅಂತ ಕೇಳಿದರೆ ಏನು ಹೇಳುವುದೆಂದು ನಾನು ತಡಕಾಡುತ್ತಿದ್ದೆ, ಯಾರೂ ಕೇಳಲಿಲ್ಲ. ಬ್ಯಾಂಡಿನಲ್ಲಿ ಒಂದು ಕ್ಷಣ ಬರೀ ಗೊರಗೊರ. ಎಲ್ಲರೂ ಪೆನ್ನು ಹುಡುಕುತ್ತಿದ್ದರು.

‘ಅರವತ್ತೈದು,’ ಹಿರಿಯರು ನಿಧಾನವಾಗಿ ಬರೆದುಕೊಳ್ಳುತ್ತ ಹೇಳಿದರು. ‘ಗಂಟು ಸೇರಿಸಿಯೋ, ಬಿಟ್ಟೋ?’