ಕಡಲ ಕಾವಲಿಗೆ ಒಂದು ಮೀಸೆ

ಅಯ್ಯೋ, ಪೊಲೀಸೂ ಅಲ್ಲ, ನೇವಿಯೂ ಅಲ್ಲ ಮಾರಾಯ್ರೇ. ನಾನು ಪೊಲೀಸರ ಜೊತೆ ಕಡಲ ಗಸ್ತಿಗೆ ಹೋದೆ ಅಂತ ಯಾರು ಹಬ್ಬಿಸಿದ್ದು? ಊರಿನ ಮೀನುಗಾರರೇ ಸೇರಿ ನಡೆಸುವ ಕಾವಲು ಅದು. ಫಿಲಿಪೀನ್ಸಿನ ಯಾವ ಕಡಲಂಚಿನ ಊರಿಗೆ ಹೋಗಿ ‘ಬಾಂತಾಯ್ ದಾಗಾತ್’ ಅಂದರೂ ಜನಕ್ಕೆ ಗೊತ್ತು. ನಮ್ಮ ಮಗ ಮನಿಲಾದಲ್ಲಿದ್ದಾನಲ್ಲ, ಅಲ್ಲಿಂದ ಕಾರಿನಲ್ಲಿ ದಕ್ಷಿಣಕ್ಕೆ ಇಳಿದರೆ ಬಾತಾಂಗಾಸ್ ಸೀಮೆಯ ಅನಿಲಾವೊ, ಎದುರಿಗೆ ಬಲಾಯಾನ್ ಕೊಲ್ಲಿ. ಮಗ, ಸೊಸೆ ಹವಳ ನೋಡಲಿಕ್ಕೆ ನೀರಿಗೆ ಇಳಿದರು. ಈ ಪ್ರಾಯದಲ್ಲಿ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದಕ್ಕೆ ನನಗೇನು ಮರ್ಲಾ? ದಡದಲ್ಲಿ ಕೂತವನಿಗೆ ಕಾವಲಿನವರ ಪರಿಚಯವಾಯಿತು. ರಾತ್ರಿ ಗಸ್ತಿಗೆ ಬರುತ್ತೀರಾ ಅಂದರು, ಹೋದೆ.

ಅಲ್ಲಿ 1998ರಿಂದ ಒಂದು ಕಾಯ್ದೆ ಉಂಟು. ದಡದಿಂದ 15 ಕಿಲೋಮೀಟರ್ ತನಕದ ನೀರು ಆಯಾ ಪುರಸಭೆಯದ್ದು, ಅಲ್ಲಿ ಸಣ್ಣ ದೋಣಿಯವರಿಗೇ ಮೊದಲ ಹಕ್ಕು. ಮೂರು ಟನ್ ಮೀರಿದ ದೋಣಿಯನ್ನು ವಾಣಿಜ್ಯದ ದೋಣಿ ಅಂತ ಲೆಕ್ಕ ಹಾಕಿ ಹೊರಗೆ ನಿಲ್ಲಿಸುತ್ತಾರೆ. ನಿಲ್ಲುತ್ತವಾ ಅಂತ ಕೇಳಬೇಡಿ. ನಮ್ಮಲ್ಲೂ ಬೆಳಕು ಹಾಕಿ ಮೀನು ಹಿಡಿಯಬಾರದು ಅಂತ 2017ರಲ್ಲೇ ಕೇಂದ್ರ ಹೇಳಿತಲ್ಲ? ನಾಡದೋಣಿಯವರನ್ನು ಕೇಳಿ ನೋಡಿ, ರಾತ್ರಿ ಕಡಲಲ್ಲಿ ಇನ್ನೂ ದೀಪಾವಳಿಯೇ ಅನ್ನುತ್ತಾರೆ.

ಆದರೆ ಅಲ್ಲಿಯ ದೊಡ್ಡ ಪೀಡೆ ಬೆಳಕಲ್ಲ, ಡೈನಮೈಟು. ಎರಡನೇ ಮಹಾಯುದ್ಧ ಮುಗಿದ ಮೇಲೆ ಉಳಿದುಹೋದ ಮದ್ದಿನಿಂದ ಹತ್ತಿದ ಚಟ. ಆ ಮದ್ದು ತೀರಿತು, ಚಟ ತೀರಲಿಲ್ಲ. ಆಮೇಲಿನವರು ಗೊಬ್ಬರದ ಅಮೋನಿಯಂ ನೈಟ್ರೇಟಿಗೆ ಸೀಮೆಎಣ್ಣೆ ಬೆರೆಸಿ, ಬಾಟಲಿಗೆ ತುಂಬಿ, ಬತ್ತಿ ಹಚ್ಚಿ ಎಸೆಯುವುದನ್ನು ಕಲಿತರು. ನೀರೊಳಗೆ ಸಿಡಿದಾಗ ಮೀನಿನ ಗಾಳಿಚೀಲ ಒಡೆಯುತ್ತದೆ, ಬೆನ್ನುಮೂಳೆ ಮುರಿಯುತ್ತದೆ. ತೇಲಿದ್ದು ಇವರಿಗೆ, ಮುಳುಗಿದ್ದು ಯಾರಿಗೂ ಇಲ್ಲ. ಕೆಳಗಿನ ಹವಳ ಜಲ್ಲಿಯಾಯಿತು, ಅದು ಮತ್ತೆ ಏಳಬೇಕಾದರೆ ಎಸೆದವನ ಮೊಮ್ಮಕ್ಕಳಿಗೆ ಮೀಸೆ ಬರಬೇಕು. ಇನ್ನು ಕೆಲವರು ಹವಳದ ಸಂದಿಗೆ ಸಯನೈಡ್ ಪಿಚಕಾರಿ ಹೊಡೆದು, ಬಣ್ಣದ ಮೀನಿಗೆ ಮಂಪರು ಬರಿಸಿ ಜೀವಂತ ಹಿಡಿಯುತ್ತಾರೆ. ಯಾರದೋ ಡ್ರಾಯಿಂಗ್ ರೂಮಿನ ಗಾಜಿನ ತೊಟ್ಟಿಗೆ! ಆ ಕೊಲ್ಲಿಯ ಬಾಯಿ ತೆರೆಯುವುದು ವೆರ್ಡೆ ದ್ವೀಪದ ಜಲಸಂಧಿಗೆ. ತೀರದ ಮೀನುಗಳಲ್ಲಿ ಅಷ್ಟು ಬಗೆ ಒಂದೇ ಕಡೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ ಅಂತ ಕಾರ್ಪೆಂಟರ್, ಸ್ಪ್ರಿಂಗರ್ ಎಂಬಿಬ್ಬರು ವಿಜ್ಞಾನಿಗಳು 2005ರಲ್ಲಿ ಬರೆದರು. ಬಾಟಲಿ ಎಸೆಯುವವನು ಅದನ್ನೆಲ್ಲ ಎಲ್ಲಿ ಓದುತ್ತಾನೆ ಹೇಳಿ.

ದೋಣಿಯ ಹೆಸರು ಬಂಕಾ. ಸಪೂರ ಮೈ, ಎರಡು ಪಕ್ಕಕ್ಕೂ ಬಿದಿರಿನ ರೆಕ್ಕೆ, ಆದ್ದರಿಂದ ಸುಲಭಕ್ಕೆ ಮಗುಚುವುದಿಲ್ಲ. ಎಂಜಿನಿನ ಸದ್ದು ಮಾತ್ರ ಕೇಳಬಾರದು. ನಾವು ಬರುವುದು ಕೊಲ್ಲಿಯ ಆಚೆ ದಡಕ್ಕೂ ತಿಳಿಯುತ್ತದಲ್ಲ, ಕಳ್ಳರು ಸಿಗುವುದು ಹೇಗೆ ಅಂದೆ. ಚುಕ್ಕಾಣಿ ಹಿಡಿದವನು ನಕ್ಕ: “ಸಿಕ್ಕಿದರೆ ಹಿಡಿಯಬೇಕಾಗುತ್ತದಲ್ಲ!”

ವಿಷಯ ಇರುವುದೇ ಅಲ್ಲಿ. ಬಲೆ ಬೀಸಿದವನು ಯಾರು? ಇವನ ಭಾವಮೈದ, ಇಲ್ಲವೇ ಮಗುವಿನ ದೀಕ್ಷಾಸ್ನಾನಕ್ಕೆ ನಿಂತ ಧರ್ಮತಂದೆ. ಸರಕಾರದವನು ದಂಡ ಹಾಕಿ ವರ್ಗವಾಗಿ ಹೋಗುತ್ತಾನೆ. ಇವನು ಭಾನುವಾರ ಅದೇ ಇಗರ್ಜಿಯಲ್ಲಿ, ಅದೇ ಬೆಂಚಿನಲ್ಲಿ ಕೂರಬೇಕು. ಕತ್ತಲಲ್ಲೂ ದೋಣಿಯ ಸದ್ದಿನಿಂದಲೇ ಯಾರದ್ದೆಂದು ಹೇಳುವ ಜನ ಅವರು. ಗುರುತಿದೆ ಅಂತಲೇ ಕಾವಲಿಗೆ ಹಾಕಿದ್ದು, ಗುರುತಿದೆ ಅಂತಲೇ ಕೈ ಏಳುವುದಿಲ್ಲ. ಕೈ ಎತ್ತಿದವರ ಗತಿ ಬೇರೆ. 2006ರಲ್ಲಿ ಸೆಬುವಿನ ಬಾಂತಾಯ್ ದಾಗಾತ್ ಮುಖ್ಯಸ್ಥನನ್ನು ಗುಂಡಿಟ್ಟು ಕೊಂದರು. ನನ್ನ ದೋಣಿಯ ಕಾವಲಿನವರ ಕೈಯಲ್ಲಿ ಇದ್ದದ್ದು ಒಂದು ಟಾರ್ಚು, ಒಂದು ಸೀಟಿ. ಸಂಬಳ ಅಂತ ಕೊಡುವುದು ಡೀಸೆಲಿಗೂ ಸಾಲುವುದಿಲ್ಲವಂತೆ.

ಹಾಗಾದರೆ ನನ್ನನ್ನು ಯಾಕೆ ಕರೆದರು? ನಡುರಾತ್ರಿ ಒಂದು ದೋಣಿ ಸಿಕ್ಕಿತು, ಸಣ್ಣ ಕಣ್ಣಿನ ಬಲೆ. ಅವರ ತಗಾಲೋಗ್ ಮಾತು ನನಗೇನೂ ತಿಳಿಯಲಿಲ್ಲ, ಆದರೆ ನಮ್ಮವನು ಮಾತುಮಾತಿಗೆ ನನ್ನತ್ತ ಗದ್ದ ತಿರುಗಿಸಿ ತೋರಿಸುವುದು ಕಂಡಿತು. ಟಾರ್ಚಿನ ಬೆಳಕಿಗೆ ನನ್ನ ಮೀಸೆ ಹೊಳೆದಿರಬೇಕು. ಆ ಪುಣ್ಯಾತ್ಮ ತಕರಾರಿಲ್ಲದೆ ಬಲೆ ಒಪ್ಪಿಸಿ ಹೋದ. ಏನು ಹೇಳಿದಿರಿ ಅಂತ ಕೇಳಿದೆ. “ನನಗೆ ಬಿಡಲು ಮನಸ್ಸಿದೆ, ಆದರೆ ಹೊರದೇಶದ ಆಸಾಮಿ ಕೂತಿದ್ದಾನಲ್ಲ ಅಂದೆ” ಅಂದ. ಪುಕ್ಕಟೆ ದೋಣಿ ಸವಾರಿ ಅಂದುಕೊಂಡಿದ್ದೆ, ನೋಡಿದರೆ ನಾನೇ ಅವರ ನೆಪ. ಭಾವಮೈದನ ಮನೆಯ ಜಗಳವೆಲ್ಲ ನನ್ನ ತಲೆ ಮೇಲೆ ಬಿತ್ತು, ನಾನೋ ಮರುದಿನ ಮನಿಲಾಕ್ಕೆ ಹೊರಟವನು.

ಬರುವ ವರ್ಷ ಇನ್ನೊಬ್ಬರನ್ನು ಕರೆದುಕೊಂಡು ಬನ್ನಿ ಅಂದಿದ್ದಾರೆ. ನೀವು ಬರುತ್ತೀರಾ? ಈಜು ಬರಬೇಕೆಂದಿಲ್ಲ. ಆದರೆ ಮೀಸೆ ಈಗಿನಿಂದಲೇ ಬಿಡಬೇಕು.